ಅಂಚೆಯ ಮತ ಮತ್ತು ಅದರ ಎಣಿಕೆ

ಮತದಾನದ ಚರಿತ್ರೆಯನ್ನು ಓದುವಾಗ ಆ ಹಕ್ಕು ಯಾರಿಗೆ, ಎಂದು ದೊರೆಯಿತೆಂಬುದನ್ನೇ ನಾವು ಸಾಮಾನ್ಯವಾಗಿ ಗಮನಿಸುತ್ತೇವೆ. ಕೊಟ್ಟ ಮತವು ಎಣಿಕೆಗೆ ಬಂದಿತೇ ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ಮತಗಟ್ಟೆಗೆ ಬಂದವನ ಗುರುತಿನ ವಿಷಯದಲ್ಲಿ ಸಂದೇಹವುಂಟಾದರೆ ಅವನು ಅಲ್ಲಿಯೇ ಉತ್ತರ ಹೇಳಬಲ್ಲನು. ದೂರದಲ್ಲಿರುವವನ ಪರವಾಗಿ ಮಾತನಾಡತಕ್ಕದ್ದು ಅವನು ಕಳುಹಿಸಿದ ಲಕೋಟೆಯೊಂದೇ.

ಈ ಸಮಸ್ಯೆ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಪೆನ್ಸಿಲ್ವೇನಿಯ ಸಂಸ್ಥಾನದ ಸೈನಿಕರು ಶಿಬಿರಗಳಿಂದಲೇ ಮತ ನೀಡಿದ್ದರು. ಲುಜರ್ನ್ ಜಿಲ್ಲೆಯ ಸರಕಾರಿ ವಕೀಲರ ಚುನಾವಣೆಯಲ್ಲಿ ಆ ಮತಗಳೇ ನಿರ್ಣಾಯಕವಾದುವು. ಮತದಾರನು ತನ್ನ ಕ್ಷೇತ್ರದಲ್ಲಿಯೇ ಮತ ನೀಡಬೇಕೆಂಬುದು ಸಂವಿಧಾನದ ಆಶಯವೆಂದು 1862ರಲ್ಲಿ ಅಲ್ಲಿಯ ವರಿಷ್ಠ ನ್ಯಾಯಾಲಯವು ತೀರ್ಮಾನಿಸಿ ಅವುಗಳನ್ನು ತಳ್ಳಿಹಾಕಿತು. 1864ರಲ್ಲಿ ಸಂವಿಧಾನವನ್ನೇ ತಿದ್ದಬೇಕಾಯಿತು. ಅಲ್ಲಿ ಅಡ್ಡ ಬಂದುದು ಶಾಸನ. ನಮ್ಮ ದೇಶದಲ್ಲಿ ಶಾಸನವು ಸೈನಿಕರಿಗೂ ಚುನಾವಣೆಯ ಕೆಲಸದ ಮೇಲಿರುವವರಿಗೂ ಅಂಚೆಯ ಮತವನ್ನು ಒದಗಿಸಿಕೊಟ್ಟಿದೆ. ತೊಡಕು ಹುಟ್ಟುವುದು ಎಣಿಕೆಯ ಮೇಜಿನ ಬಳಿ.

1961ರ ಚುನಾವಣಾ ನಿಯಮಗಳ ಪ್ರಕಾರ ಮತಪತ್ರವನ್ನು ಒಳಲಕೋಟೆಯಲ್ಲಿಟ್ಟು ಮುಚ್ಚಿ, ಅದನ್ನೂ ಮತದಾರನ ಘೋಷಣಾಪತ್ರವನ್ನೂ ಹೊರಲಕೋಟೆಯಲ್ಲಿಟ್ಟು ಕಳುಹಿಸಬೇಕು. ಘೋಷಣೆಯಲ್ಲಿ ಮತದಾರನ ಹೆಸರಿರುತ್ತದೆ, ಮತಪತ್ರದಲ್ಲಿ ಇರುವುದಿಲ್ಲ. ಮತದ ಗೋಪ್ಯತೆ ನಿಂತಿರುವುದು ಈ ವಿಂಗಡಣೆಯ ಮೇಲೆ. ಎಣಿಕೆ ಆರಂಭವಾದೊಡನೆ ಚುನಾವಣಾಧಿಕಾರಿಯು ಮೊದಲು ಕೈಗೆತ್ತಿಕೊಳ್ಳಬೇಕಾದುದು ಇವುಗಳನ್ನೇ. ಎಣಿಕೆಗೆ ಗೊತ್ತುಪಡಿಸಿದ ಗಳಿಗೆಯ ಅನಂತರ ಬಂದ ಲಕೋಟೆಯನ್ನು ಅವನು ತೆರೆಯುವಂತಿಲ್ಲ. ಘೋಷಣೆಗೆ ಸಹಿಯಾಗಲಿ ದೃಢೀಕರಣವಾಗಲಿ ಇಲ್ಲದಿದ್ದರೆ, ಅಥವಾ ಕ್ರಮಸಂಖ್ಯೆಗಳು ಹೊಂದದಿದ್ದರೆ, ಒಳಲಕೋಟೆಯನ್ನು ಒಡೆಯದೆಯೇ ಮತವನ್ನು ತಿರಸ್ಕರಿಸಬೇಕು. ಅಂಚೆಯ ವಿಳಂಬಕ್ಕೂ ದೃಢೀಕರಿಸಿದವನ ಅಜಾಗ್ರತೆಗೂ ದಂಡ ತೆರುವವನು ಮತದಾರನೇ ಎಂಬುದು ನಮಗೆ ಕಠಿನವಾಗಿಯೇ ತೋರುತ್ತದೆ. ಆದರೂ ತಿರಸ್ಕೃತ ಲಕೋಟೆಗಳನ್ನು ಪ್ರತ್ಯೇಕವಾಗಿ ಕಟ್ಟಿ ಮುದ್ರೆಯೊತ್ತಿ ಇಡಬೇಕೆಂಬ ವಿಧಿ ಬಹು ಬೆಲೆಯುಳ್ಳದ್ದು. ಸಾಕ್ಷ್ಯವು ಉಳಿದರೆ ತಾನೇ ವಿಚಾರಣೆ ಸಾಧ್ಯ!

ಗುಜರಾತಿನ ಧೋಳಕಾ ಕ್ಷೇತ್ರದ ಪ್ರಕರಣದಿಂದ ಈ ಮಾತು ವಿಶದವಾಗುತ್ತದೆ. 2017ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಗೆಲುವಿನ ಅಂತರ 327. ಅಂಚೆಯಲ್ಲಿ ಬಂದ 1356 ಮತಗಳಲ್ಲಿ ತಿರಸ್ಕೃತವಾದವು 429. ಅಂತರವು ಅಂಚೆಯ ಮತಗಳಿಗಿಂತ ಕಡಮೆಯಿದ್ದಲ್ಲಿ ಫಲಿತಾಂಶವನ್ನು ಸಾರುವ ಮುನ್ನ ಅವುಗಳನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಬೇಕೆಂದು ಚುನಾವಣಾ ಆಯೋಗದ ಆದೇಶವಿದ್ದಿತು. ಹಾಗೆ ಪರಿಶೀಲಿಸಲಿಲ್ಲವೆಂದು ಸೋತ ಉಮೇದುವಾರರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ತಿರಸ್ಕಾರವು ಕಾನೂನಿಗೆ ವಿರುದ್ಧವಾದುದೆಂದು ಕಂಡುಕೊಂಡ ನ್ಯಾಯಾಲಯವು 2020ರ ಮೇ 12ರಂದು ಆ ಆಯ್ಕೆಯನ್ನೇ ಅಸಿಂಧುವೆಂದು ಸಾರಿತು. ಮೂರು ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಈ ವ್ಯಾಜ್ಯದಲ್ಲಿ ಮತ ಕಳುಹಿಸಿದ 429 ಮಂದಿ ಪಕ್ಷಕಾರರಲ್ಲ. ತಮ್ಮ ಲಕೋಟೆ ಒಪ್ಪಿತವಾಯಿತೇ ಇಲ್ಲವೇ ಎಂಬುದನ್ನು ತಿಳಿಸಿ, ದೋಷವಿದ್ದರೆ ತಿದ್ದಲು ಅವಕಾಶ ಕೊಡುವ ಏರ್ಪಾಡು ನಿಯಮಗಳಲ್ಲಿಲ್ಲ. ಅವರ ಮತದ ಪ್ರಶ್ನೆಯನ್ನು ಎತ್ತಬೇಕಾದರೆ ಉಮೇದುವಾರನೊಬ್ಬನು ಅಲ್ಪ ಅಂತರದಿಂದ ಸೋಲಬೇಕು! ಧೋಳಕಾದ ಮತದಾರರಿಗಂತೂ 2022ರ ಡಿಸೆಂಬರಿನಲ್ಲಿ ಮುಂದಿನ ಚುನಾವಣೆಯೇ ಬಂದಿತು.