ನಿಮಗಿದು ಗೊತ್ತೆ? ಐವತ್ತು ದಾಟಿದ ಕಾರಿಗೆ ‘ವಿಎ’ ನಂಬರು

ಇಬ್ಬರನ್ನು ಅವರ ಪೆಟ್ಟಿಗೆಗಳ ಸಮೇತ ನೂರಾರು ಕಿಲೋಮೀಟರ್ ದೂರಕ್ಕೆ, ವೇಗವಾಗಿ, ದಣಿವಾಗದಂತೆ ಮುಟ್ಟಿಸುವ ಕಾರೇ ‘ಗ್ರ್ಯಾಂಡ್ ಟೂರರ್’. 1952ರಿಂದ 1955ರವರೆಗೆ ಬಂದ ಬೆಂಟ್ಲಿ ಆರ್-ಟೈಪ್ ಕಾಂಟಿನೆಂಟಲ್ ಈ ವರ್ಗದ ಹೆಮ್ಮೆ; ತಯಾರಾದದ್ದು 208 ಮಾತ್ರ. ಆಸ್ಟನ್ ಮಾರ್ಟಿನ್ ಡಿಬಿ5ರ ಕಥೆ ಇನ್ನೂ ಸ್ವಾರಸ್ಯಕರ. ಜೇಮ್ಸ್ ಬಾಂಡ್‌ನ ‘ಥಂಡರ್‌ಬಾಲ್’ ಚಿತ್ರದ ಪ್ರಚಾರಕ್ಕೆ ಬಳಸಿದ್ದ ಒಂದು ಕಾರು 2019ರಲ್ಲಿ ಅಮೆರಿಕದ ಹರಾಜಿನಲ್ಲಿ ಸುಮಾರು 64 ಲಕ್ಷ ಡಾಲರ್‌ಗೆ ಮಾರಾಟವಾಯಿತು!

ಹಳೆಯ ಕಾರುಗಳನ್ನು ಕಣ್ಣಾರೆ ನೋಡಲು ಶಿವಮೊಗ್ಗ, ಭದ್ರಾವತಿಯವರು ಅಮೆರಿಕದವರೆಗೆ ಹೋಗಬೇಕಿಲ್ಲ. ಘಟ್ಟ ಇಳಿದರೆ ಧರ್ಮಸ್ಥಳದಲ್ಲಿ ಅಂಥ ಕಾರುಗಳ ಅಪರೂಪದ ಸಂಗ್ರಹವಿದೆ. ಕ್ಷೇತ್ರದ ದರ್ಶನಕ್ಕೆ ಹೋದವರು ಅದನ್ನೂ ನೋಡಿಯೇ ಬರಬೇಕು.

ಇಂಥ ವಾಹನಗಳಿಗೆಂದೇ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಕಾರು, ಬೈಕುಗಳು ‘ವಿಂಟೇಜ್’ ಎನಿಸುತ್ತವೆ. ಹೊಸದಾಗಿ ನೋಂದಾಯಿಸಿದರೆ ರಾಜ್ಯದ ಅಕ್ಷರಗಳ ಜೊತೆ ‘ವಿಎ’ ಸೇರಿದ ನಂಬರು ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಈಗಾಗಲೇ ನೋಂದಣಿಯಾದ ವಾಹನಕ್ಕೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು; ಬಾಡಿಗೆಗೆ ಓಡಿಸುವಂತಿಲ್ಲ.

ಒಂದು ಷರತ್ತು ಮುಖ್ಯ: ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಜ್ಜನ ಕಾಲದ ಮಾರಿಸ್, ಆಸ್ಟಿನ್ ನಿಮ್ಮ ಶೆಡ್ಡಿನಲ್ಲಿ ಧೂಳು ಹಿಡಿದಿದ್ದರೆ ಗುಜರಿಗೆ ಹಾಕಬೇಡಿ, ಎಂಜಿನ್ ಬದಲಿಸಲೂ ಬೇಡಿ. ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.