ಕೊಳೆತ ಅಡಿಕೆ ಕಟ್ಟಿಸಿದ ಕಾಲೇಜು

ಮೇ ಮುಗಿಯುವ ಹೊತ್ತಿಗೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಾತೆಲ್ಲ ಮೈಲುತುತ್ತದ್ದೇ. ದರ ಎಷ್ಟಾಯಿತು, ಮರ ಹತ್ತುವ ಕೊನೆಗಾರ ಯಾವತ್ತು ಸಿಗುತ್ತಾನೆ, ಮಳೆ ಹಿಡಿದುಕೊಳ್ಳುವುದರೊಳಗೆ ಒಂದು ಸುತ್ತು ಔಷಧಿ ಮುಗಿದೀತೇ? ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು, ಕದಡಿ, ಹೊಳೆಯುವ ಕತ್ತಿಯ ಅಲಗನ್ನು ಒಂದು ಗಳಿಗೆ ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದೇ ಅರ್ಥ. ಇನ್ನಷ್ಟು ಸುಣ್ಣ ಬೆರೆಸಿ, ಅಲಗು ಇದ್ದ ಹಾಗೇ ಹೊರಬಂದ ಮೇಲೆ ಪಂಪು ಶುರು.

ಈ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಅದನ್ನು ನಮ್ಮ ಅಡಿಕೆ ಮರಕ್ಕೆ ಹತ್ತಿಸಿದವರು ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಬೆಂಗಳೂರಿನ ಹೆಬ್ಬಾಳದ ಕೃಷಿ ಕಾಲೇಜಿನ ಕತೆಗೂ ಅವರೇ ನಾಯಕ. ತೋಟದವರ ನೆನಪಿನಲ್ಲಿ ಔಷಧಿ ಉಳಿದಿದೆ, ಹೆಸರು ಉಳಿದಿಲ್ಲ.

ಮೂವತ್ತು ಎಕರೆ ದಾನ

ಕತೆಯ ಮೊದಲ ಅಧ್ಯಾಯ ಕೋಲ್ಮನ್ನರದಲ್ಲ. 1876–78ರ ಭೀಕರ ಬರದಲ್ಲಿ ಮೈಸೂರು ಸೀಮೆ ಲಕ್ಷಾಂತರ ಜನರನ್ನು ಕಳೆದುಕೊಂಡಿತ್ತು. ಆಮೇಲೆ ಬಂದ ಬರ ಆಯೋಗ, ಪ್ರಾಂತ್ಯಕ್ಕೊಂದು ಕೃಷಿ ಇಲಾಖೆ ಬೇಕೆಂದು ಹೇಳಿತು. ಮೈಸೂರಿನಲ್ಲಿ ಆ ಮಾತು ನೆಲಕ್ಕಿಳಿಯಲು ಎರಡು ದಶಕ ಹಿಡಿಯಿತು. 1899ರಲ್ಲಿ, ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಬಾಲಕನಾಗಿದ್ದಾಗ ರಾಜ್ಯಭಾರ ನೋಡುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಹೆಬ್ಬಾಳದಲ್ಲಿ ಮೂವತ್ತು ಎಕರೆ ಕೊಟ್ಟರು. ರಸಾಯನಶಾಸ್ತ್ರಜ್ಞ ಲೆಹ್ಮನ್ ಅಲ್ಲಿ ಮಣ್ಣಿಗೂ ಬೆಳೆಗೂ ಇರುವ ನಂಟನ್ನು ಹುಡುಕಲು ಕೂತರು. ಹಿಂದಿನ ವರ್ಷವಷ್ಟೇ ಬೆಂಗಳೂರಿಗೆ ಪ್ಲೇಗ್ ಅಪ್ಪಳಿಸಿತ್ತು. ಅಂಥ ಹೊತ್ತಿನಲ್ಲೂ ಒಬ್ಬ ರಾಣಿಗೆ ಪ್ರಯೋಗದ ಹೊಲ ಬೇಕೆನಿಸಿತಲ್ಲ, ಅದು ಸಣ್ಣ ಮಾತಲ್ಲ.

ಕೋಲ್ಮನ್ ಬಂದದ್ದು 1908ರಲ್ಲಿ, ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ. ವಯಸ್ಸು ಮೂವತ್ತು. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದಿದ್ದವರಿಗೆ ಎದುರಾದದ್ದು ಮಲೆನಾಡಿನ ಕೊಳೆರೋಗ.

ಈ ರೋಗ ನೋಡದವರಿಗೆ ಅದರ ಕ್ರೌರ್ಯ ತಿಳಿಯದು. ಮುಂಗಾರು ಬಿಡದೆ ಸುರಿಯುವಾಗ ಎಳೆಗಾಯಿಯ ಮೇಲೆ ನೀರು ನಿಂತಂಥ ಕಲೆ ಏಳುತ್ತದೆ. ಕಾಯಿ ಬಣ್ಣಗೆಟ್ಟು ಉದುರುತ್ತದೆ, ಉದುರಿದ್ದರ ಮೇಲೆ ಬಿಳಿಯ ಬೂಷ್ಟು ಬೆಳೆಯುತ್ತದೆ. ಮಳೆಹನಿ ಸಿಡಿದಂತೆಲ್ಲ ಗೊನೆಯಿಂದ ಗೊನೆಗೆ ರೋಗ ದಾಟುತ್ತದೆ. ವರ್ಷದ ಅನ್ನ ಕೆಲವೇ ವಾರಗಳಲ್ಲಿ ಮರದ ಬುಡಕ್ಕೆ ಬಿದ್ದಿರುತ್ತದೆ. ತೋಟದವರಿಗೆ ಗೊತ್ತಿದ್ದ ರಕ್ಷಣೆ ಒಂದೇ, ಕೊಟ್ಟೆ. ಕರಡದ ಹುಲ್ಲಿನಲ್ಲಿ ಹೆಣೆದ ಕೊಟ್ಟೆಯನ್ನು ಗೊನೆಗೊನೆಗೂ ಕಟ್ಟಬೇಕು. ಮಳೆ ನೀರು ಗೊನೆಗೆ ತಾಗದಿದ್ದರೆ ರೋಗ ಬಾರದು ಎಂಬುದು ಅವರು ತಲೆಮಾರುಗಳಿಂದ ಕಂಡುಕೊಂಡಿದ್ದ ಸತ್ಯ.

ಕೋಲ್ಮನ್ ಆ ಸತ್ಯಕ್ಕೆ ಕಾರಣ ಹುಡುಕಿದರು. ಇದು ಫೈಟಾಫ್ತೊರಾ ಜಾತಿಯ ರೋಗಾಣುವಿನ ಕೆಲಸ ಎಂದು 1910ರಲ್ಲಿ ವರದಿ ಬರೆದರು. ಮಳೆಗೆ ಮೊದಲೇ ಗೊನೆಗೆ ಬೋರ್ಡೋ ದ್ರಾವಣ ಹೊಡೆದರೆ ರೋಗ ಒಳಗೆ ಇಳಿಯದು ಎಂದು ತೋರಿಸಿದರು. ಪ್ರಯೋಗಾಲಯದ ಪಾಠ ಇಲ್ಲಿಗೆ ಮುಗಿದಿರಬಹುದು, ತೋಟದ ಪಾಠ ಈಗ ಶುರು. ದ್ರಾಕ್ಷಿ ಬಳ್ಳಿ ಆಳೆತ್ತರ, ಅಡಿಕೆ ಮರ ಐವತ್ತು ಅಡಿ, ದಪ್ಪವೋ ಎರಡು ಕೈಯ ಹಿಡಿತ. ಗೊನೆಯವರೆಗೆ ಔಷಧಿ ಏರಬೇಕು, ಏರಿಸುವವನು ಅದೇ ಮರದ ಮೇಲೆ ನಿಲ್ಲಬೇಕು. ಅದಕ್ಕೆ ಹೊಂದುವ, ಬಡ ಬೆಳೆಗಾರನ ಕೈಗೆಟಕುವ ಸಿಂಪಡಣೆಯ ವಿಧಾನವನ್ನು ಅವರು ಬೆಳೆಗಾರರ ಜೊತೆಗೇ ಕೆಲಸ ಮಾಡಿ ರೂಪಿಸಿದರು.

ತರಗತಿ ಬಂದದ್ದು ಆಮೇಲೆ

1913ರಲ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ, ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, ಹೆಬ್ಬಾಳದಲ್ಲಿ ಮೈಸೂರು ವಸತಿ ಕೃಷಿ ಶಾಲೆ ಬಾಗಿಲು ತೆರೆಯಿತು. ಎಲ್.ಎಜಿ. ಎಂಬ ಡಿಪ್ಲೊಮಾ ಶುರುವಾಯಿತು. ರೋಗ ಮೊದಲು, ಮದ್ದು ಆಮೇಲೆ, ಶಾಲೆ ಕೊನೆಗೆ. ಈ ಕ್ರಮವೇ ಹೆಬ್ಬಾಳದ ಹೆಚ್ಚುಗಾರಿಕೆ ಎಂದು ನನಗೆ ಅನಿಸುತ್ತದೆ. ಬ್ರಿಟಿಷ್ ಇಂಡಿಯಾದ ಎಷ್ಟೋ ಕೃಷಿ ಕಾಲೇಜುಗಳಲ್ಲಿ ಕಟ್ಟಡ ಮೊದಲೆದ್ದು ರೈತ ಆಮೇಲೆ ನೆನಪಾದ. ಓದಿದವರು ಹೊಲಕ್ಕೆ ಹೋಗದೆ ಸರ್ಕಾರಿ ನೌಕರಿಗೇ ಕಾಯುತ್ತಾರೆ ಎಂದು ಕೃಷಿ ಕುರಿತ ರಾಯಲ್ ಆಯೋಗದ 1928ರ ವರದಿಯೇ ಗೊಣಗಿತು. ಹೆಬ್ಬಾಳವೂ ಆ ಚಾಳಿಯಿಂದ ಪೂರ್ತಿ ತಪ್ಪಿಸಿಕೊಂಡಿತು ಎನ್ನಲಾಗದು. ಆದರೂ ಅದರ ಬೇರು ತೋಟದಲ್ಲಿತ್ತು.

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಕೋಲ್ಮನ್ನರ ಕೊಡುಗೆ. ಮಂಡ್ಯದ ಸಕ್ಕರೆ ಕಾರ್ಖಾನೆಯ ಯೋಜನೆಯ ಹಿಂದೆಯೂ ಅವರಿದ್ದರು. ಜೋಳದ ಹೊಲ ಬೋಳಿಸುವ ರೆಕ್ಕೆಯಿಲ್ಲದ ಮಿಡತೆಯೊಂದರ ಬಗ್ಗೆ ಬರೆದರು. ಆ ಮಿಡತೆಗೆ ಕೀಟಶಾಸ್ತ್ರಜ್ಞರು ಇಟ್ಟ ಹೆಸರು ಕೋಲ್ಮೇನಿಯ. ಜಗತ್ತು ಅವರಿಗೆ ಕೊಟ್ಟ ಸ್ಮಾರಕ ಒಂದು ಪೀಡೆ ಕೀಟ. ನಾವು ಅಷ್ಟನ್ನೂ ಕೊಟ್ಟಂತಿಲ್ಲ.

ಅವರು 1934ರಲ್ಲಿ ಕೆಲಸ ಬಿಟ್ಟು ಹೊರಟರು, 1954ರಲ್ಲಿ ತೀರಿಕೊಂಡರು. ಮುಂದಿನದು ಸರ್ಕಾರಿ ಗೆಜೆಟ್ಟಿನ ಓಟ. ಶಾಲೆ 1946ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿ ಪದವಿ ಕಾಲೇಜಾಯಿತು. ಮರುವರ್ಷ ಧಾರವಾಡದಲ್ಲೂ ಕೃಷಿ ಕಾಲೇಜು ಬಂತು. 1964ರ ಆಗಸ್ಟ್ 21ರಂದು ಉಪರಾಷ್ಟ್ರಪತಿ ಜಾಕಿರ್ ಹುಸೇನ್ ಕೃಷಿ ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದರು. ಕೆ.ಸಿ. ನಾಯಕ್ ಮೊದಲ ಕುಲಪತಿ. ಬಳ್ಳಾರಿ ರಸ್ತೆಯಲ್ಲೇ ಇನ್ನಷ್ಟು ಉತ್ತರಕ್ಕೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಎದ್ದು, ಕಾಲೇಜು ಅಲ್ಲಿಗೆ ನಡೆಯಿತು. ಈಗ ಹೆಬ್ಬಾಳ ಎಂದರೆ ಮೇಲ್ಸೇತುವೆ, ವಿಮಾನ ತಪ್ಪೀತೆಂಬ ಚಡಪಡಿಕೆ. ರಾಣಿಯ ದಾನದ ಮಣ್ಣು ಪಕ್ಕದಲ್ಲೇ ಇದೆ ಎಂದು ಕಾರಿನಲ್ಲಿ ಕೂತವರಿಗೆ ಹೇಳುವವರಿಲ್ಲ.

ನೆನಪು ಅಳಿದದ್ದಕ್ಕಿಂತ ನನ್ನ ಸಿಟ್ಟಿಗೆ ಬೇರೆ ಕಾರಣವಿದೆ. ಮಲೆನಾಡಿನ ತೋಟಗಳನ್ನು ಈಗ ಎಲೆಚುಕ್ಕಿ ರೋಗ ತಿನ್ನುತ್ತಿದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ತೋಟಕ್ಕೆ ತೋಟವನ್ನೇ ಮುಗಿಸಿದೆ. ಅಂದು ಮೈಸೂರು ಸಂಸ್ಥಾನದಲ್ಲಿ ಬೆರಳೆಣಿಕೆಯ ವಿಜ್ಞಾನಿಗಳಿದ್ದರು. ಇಂದು ರಾಜ್ಯದಲ್ಲಿ ಹಲವು ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಿವೆ, ಅವುಗಳ ಕಾಲೇಜುಗಳೂ ಇವೆ. ಅವುಗಳ ಯೋಗ್ಯತೆಯನ್ನು ಕಟ್ಟಡ, ಶ್ರೇಯಾಂಕ, ಘಟಿಕೋತ್ಸವದ ಚಿನ್ನದ ಪದಕಗಳಿಂದ ಅಳೆಯುವುದು ಬೇಡ. ಜುಲೈ ತಿಂಗಳ ಮಳೆಯಲ್ಲಿ ಎಷ್ಟು ಜನ ಪ್ರಾಧ್ಯಾಪಕರು ಅಡಿಕೆ ಮರದ ಬುಡದಲ್ಲಿ ನಿಂತಿರುತ್ತಾರೆ ಎಂದು ಎಣಿಸಿದರೆ ಸಾಕು.