ಅರ್ಧ ತೋಳ ಎಂಬುದಿಲ್ಲ

ಬೇಟೆಯಾಡುವ ಪ್ರಾಣಿ ಮತ್ತು ಅದಕ್ಕೆ ಆಹಾರವಾಗುವ ಪ್ರಾಣಿಗಳ ಸಂಖ್ಯೆ ಹೇಗೆ ಏರಿಳಿಯುತ್ತದೆ ಎಂಬುದನ್ನು 1920ರ ದಶಕದಲ್ಲಿ ಲೋಟ್ಕಾ ಮತ್ತು ವೋಲ್ಟೆರಾ ಬೇರೆಬೇರೆಯಾಗಿಯೇ ಎರಡು ಸಮೀಕರಣಗಳಲ್ಲಿ ಹಿಡಿದಿಟ್ಟರು. ಕುರಿ ಹೆಚ್ಚಿದರೆ ತೋಳ ಹೆಚ್ಚುತ್ತದೆ, ತೋಳ ಹೆಚ್ಚಿದರೆ ಕುರಿ ಕುಗ್ಗುತ್ತದೆ, ಚಕ್ರ ನಿಲ್ಲುವುದೇ ಇಲ್ಲ. ಗಣಿತವೇನೋ ಸೊಗಸಾಗಿದೆ; ಆದರೆ ಅದರೊಳಗೆ ಒಂದು ತೋಳದ ಸಾವಿರದಲ್ಲೊಂದು ಪಾಲು ಉಳಿದರೂ ಅದೇ ಮತ್ತೆ ಹಿಂಡಾಗಿ ಬೆಳೆಯುತ್ತದೆ. ಕಾಡಿನಲ್ಲಿ ಕೊನೆಯ ತೋಳ ಸತ್ತರೆ ಅಲ್ಲಿಗೆ ಮುಗಿಯಿತು. ಪ್ರತಿ ಜೀವಿಯನ್ನೂ ಒಂದೊಂದು ‘ಏಜೆಂಟ್’ ಎಂದು ಬೇರೆಯಾಗಿ ಲೆಕ್ಕಕ್ಕೆ ಹಿಡಿಯುವ, ಏಜೆಂಟ್ ಆಧಾರಿತ ಸಾಫ್ಟ್‌ವೇರ್ ಬೇಕಾಗುವುದು ಇಲ್ಲಿಯೇ. ಯೂರಿ ವಿಲೆನ್ಸ್ಕಿ 1999ರಲ್ಲಿ ರೂಪಿಸಿದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ನೆಟ್‌ಲೋಗೋದಲ್ಲಿ ಪ್ರತಿ ತೋಳ, ಪ್ರತಿ ಕುರಿಗೂ ಪ್ರತ್ಯೇಕ ಬಾಳು. ತೋಳ ಅಡ್ಡಾಡಿದಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ, ಕುರಿ ಎದುರಾದರೆ ತಿನ್ನುತ್ತದೆ, ಶಕ್ತಿ ತೀರಿದರೆ ಸಾಯುತ್ತದೆ. ಹುಲ್ಲಿಗೆ ಮಿತಿಯೇ ಇಲ್ಲದಿದ್ದರೆ ಈ ಲೋಕ ಹೆಚ್ಚು ಕಾಲ ನಿಲ್ಲದು: ಒಂದೋ ಕುರಿಗಳೆಲ್ಲ ಮುಗಿದು ತೋಳಗಳು ಹಸಿವಿನಿಂದ ಸಾಯುತ್ತವೆ, ಇಲ್ಲವೇ ತೋಳಗಳು ಅಳಿದು ಕುರಿಗಳು ಮಿತಿಮೀರುತ್ತವೆ. ಮೇಯ್ದ ಹುಲ್ಲು ಮತ್ತೆ ಚಿಗುರಲು ಕಾಲ ಹಿಡಿಯುತ್ತದೆ ಎಂಬ ನಿಯಮ ಸೇರಿಸಿದರೆ ಸಾಮಾನ್ಯವಾಗಿ ಮೂರೂ ಬಾಳುತ್ತವೆ. ‘ಸಮತೋಲನ ಇರಲಿ’ ಎಂದು ಯಾರೂ ಬರೆದಿರುವುದಿಲ್ಲ. ಒಂದೊಂದು ಜೀವಿಯ ನಡೆಯಿಂದ ಅದು ತಾನಾಗಿ ಮೂಡುತ್ತದೆ.

ಸರಾಸರಿ ಎಲ್ಲಿ ಸುಳ್ಳಾಗುತ್ತದೋ ಅಲ್ಲಿ ಈ ವಿಧಾನ ಅನಿವಾರ್ಯ ಎಂಬುದು ನನ್ನ ವಾದ. ಉದಾಹರಣೆಗೆ, ಕ್ಯಾನ್ಸರ್ ಗಡ್ಡೆಯ ಅಂಚಿನ ಜೀವಕೋಶಕ್ಕೆ ಆಮ್ಲಜನಕ ಸಿಗುತ್ತದೆ, ನಡುವಿನದಕ್ಕೆ ಸಿಗದು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಬೆಳೆದ ಫಿಸಿಸೆಲ್ ಎಂಬ ಸಾಫ್ಟ್‌ವೇರ್ ಕೋಶಗಳನ್ನು ಒಂದೊಂದಾಗಿ ಲೆಕ್ಕಕ್ಕೆ ಹಿಡಿಯುವುದು ಅದಕ್ಕೇ. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೋವಿಡ್ ಹರಡುವಿಕೆಯನ್ನು ಅರಿಯಲು ಎರಡೂ ನಗರಗಳನ್ನು ಮನೆ, ಶಾಲೆ, ಕೆಲಸದ ಜಾಗಗಳ ಸಮೇತ ಕಂಪ್ಯೂಟರಿನಲ್ಲಿ ಕಟ್ಟಿದರು. ಮುಂಬೈಯ ಕೊಳೆಗೇರಿಯ ಇಕ್ಕಟ್ಟಿಗೂ ಉಳಿದ ಬಡಾವಣೆಗಳಿಗೂ ಇರುವ ಅಂತರವನ್ನು ಒಂದು ಸರಾಸರಿ ಸಂಖ್ಯೆ ಹೇಗೆ ತಾನೇ ಹೇಳೀತು?

ಇಷ್ಟೊಂದು ನಿಯಮ, ಇಷ್ಟೊಂದು ಅಂಕಿಗಳಿದ್ದರೆ ಬೇಕಾದ ಉತ್ತರ ಬರುವಂತೆ ತಿರುಗಿಸಬಹುದಲ್ಲ ಎಂಬ ಆಕ್ಷೇಪವಿದೆ. ಅದು ಗಟ್ಟಿಯಾದ ಆಕ್ಷೇಪವೇ. ಬ್ರಿಟನ್ನಿನ ಲಾಕ್‌ಡೌನ್ ಚರ್ಚೆಯಲ್ಲಿ ತೂಕ ಪಡೆದ, ಇದೇ ಬಗೆಯ ಮಾದರಿಯಾದ ಕೋವಿಡ್‌ಸಿಮ್‌ನಲ್ಲಿ 940 ಅಂಶಗಳಿದ್ದವು. ಆದರೆ ಅವುಗಳಲ್ಲಿ ಫಲಿತಾಂಶವನ್ನು ಪ್ರಬಲವಾಗಿ ಅಲುಗಿಸುವವು 19 ಮಾತ್ರ ಎಂದು 2021ರ ಅಧ್ಯಯನವೊಂದು ತೋರಿಸಿತು. ಹೊರಗಿನವರು ಇದನ್ನು ಪರೀಕ್ಷಿಸಲು ಸಾಧ್ಯವಾದದ್ದು ಕೋಡ್ ಬಹಿರಂಗವಾಗಿದ್ದರಿಂದ. ಸಮೀಕರಣವನ್ನು ಒಂದು ಸಾಲಿನಲ್ಲಿ ಅಚ್ಚು ಹಾಕಬಹುದು. ಏಜೆಂಟ್ ಮಾದರಿಯಲ್ಲಿ ಕೋಡೇ ಸಿದ್ಧಾಂತ. ಆದ್ದರಿಂದ ಜನರ ಬದುಕನ್ನು ತಟ್ಟುವ ತೀರ್ಮಾನಕ್ಕೆ ಇಂಥ ಮಾದರಿಯನ್ನು ಆಧಾರವಾಗಿ ತೋರಿಸುವ ಸರ್ಕಾರ, ತೀರ್ಮಾನದ ದಿನವೇ ಅದರ ಕೋಡನ್ನೂ ಊಹೆಗಳನ್ನೂ ಜನರ ಮುಂದಿಡಬೇಕು.